ಹೆನ್ರಿ ಕ್ಯಾವೆಂಡಿಷ್

ಇಂಗ್ಲೆಂಡಿನ ಮಹಾ ಶ್ರೀಮಂತ ಮನೆತನವೊಂದಕ್ಕೆ ಸೇರಿದ ಹೆನ್ರಿ ಕ್ಯಾವೆಂಡಿಷ್ 1731ರಲ್ಲಿ ನೀಸ್ ನಗರದಲ್ಲಿ ಜನಿಸಿದನು. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ ಅವನನ್ನು ವಿಜ್ಞಾನಾಸಕ್ತನಾದ ತಂದೆಯು ಬೆಳೆಸಿದನು. ಕೇಂಬ್ರಿಜ್‌ನಲ್ಲಿ ಓದಿದರೂ ಪದವಿ ಪಡೆಯಲಿಲ್ಲ. ಅವನದು ವಿಪರೀತ ಸಂಕೋಚದ ಸ್ವಭಾವ; ತನಗೆ ಬೇಕಾದ ಊಟವನ್ನು ಕೂಡ ಚೀಟಿಯಲ್ಲಿ ಬರೆದು ತಿಳಿಸುತ್ತಿದ್ದನಂತೆ! ಜಲಜನಕದ ಗುಣಗಳನ್ನು ನಿರೂಪಿಸಿದವನೆಂದೂ ಭೂಮಿಯ ಸಾಂದ್ರತೆಯನ್ನು ಅಳೆದವನೆಂದೂ ಲೋಕವು ಅವನನ್ನು ಬಲ್ಲದು. ಅವನ ವಿದ್ಯುತ್ ಪ್ರಯೋಗಗಳು ಮಾತ್ರ ಬಹುಕಾಲ ಕತ್ತಲೆಯಲ್ಲಿಯೇ ಉಳಿದವು.

ಒಂದೇ ವಿದ್ಯುತ್ ಮಟ್ಟಕ್ಕೆ ಏರಿಸಿದರೂ ಬೇರೆ ಬೇರೆ ಗಾತ್ರ ಮತ್ತು ಆಕಾರಗಳ ವಾಹಕಗಳು ಬೇರೆ ಬೇರೆ ಪ್ರಮಾಣದ ಆವೇಶವನ್ನು ತಳೆಯುತ್ತವೆ. ಈ ಸಾಮರ್ಥ್ಯವೇ ಧಾರಕತೆ. ಇದನ್ನು ಅಳೆಯಬಲ್ಲ ಮಾಪಕಗಳು ಆ ಕಾಲದಲ್ಲಿ ಇರಲಿಲ್ಲ. ಕ್ಯಾವೆಂಡಿಷ್ 12.1 ಅಂಗುಲ ವ್ಯಾಸದ ಗೋಳವೊಂದನ್ನು ಅಳತೆಗೋಲಾಗಿ ಇಟ್ಟುಕೊಂಡು, ತಗಡು, ತಂತಿ, ಬಿಲ್ಲೆಗಳನ್ನು ಅದರೊಡನೆ ಹೋಲಿಸಿದನು. ದಾರದಲ್ಲಿ ತೂಗುವ ಎರಡು ಬೆಂಡಿನ ಗುಂಡುಗಳು ಒಂದನ್ನೊಂದು ದೂಡುವುದೇ ಅವನ ಸೂಚಕ. ಒಂದೇ ವ್ಯಾಸದ ಗೋಳದ ಧಾರಕತೆಯು ತೆಳುಬಿಲ್ಲೆಯದರ 1.57 ಪಟ್ಟು ಎಂದು ಅವನು ಕಂಡುಕೊಂಡನು. ಗಣಿತವು ಹೇಳುವ ಬೆಲೆ 1.5708! ಎರಡು ಲೋಹಪದರಗಳ ನಡುವೆ ಗಾಜಿದ್ದರೆ ಧಾರಕತೆ ಹೆಚ್ಚುವುದನ್ನೂ ಅವನು ಗುರುತಿಸಿದ್ದನು. ಇದನ್ನು ಅರಿಯದೆ ಫ್ಯಾರಡೆಯು 1837ರಲ್ಲಿ ಅದನ್ನೇ ಹೊಸದಾಗಿ ಕಂಡುಹಿಡಿಯಬೇಕಾಯಿತು. ಏಕೆಂದರೆ ವಿದ್ಯುತ್ತನ್ನು ಕುರಿತು ಕ್ಯಾವೆಂಡಿಷ್ ಎರಡೇ ಪ್ರಬಂಧಗಳನ್ನು ಪ್ರಕಟಿಸಿದ್ದನು. 1810ರಲ್ಲಿ ಅವನು ತೀರಿಕೊಂಡಾಗ ಉಳಿದುದೆಲ್ಲವೂ ಹಸ್ತಪ್ರತಿಗಳ ಕಟ್ಟಾಗಿಯೇ ಇತ್ತು.

ಆ ಕಟ್ಟು ಕೊನೆಗೆ ತಕ್ಕವನ ಕೈಸೇರಿತು. ಕೇಂಬ್ರಿಜ್‌ನ ಕ್ಯಾವೆಂಡಿಷ್ ಪ್ರಯೋಗಾಲಯದ ಮೊದಲ ಪ್ರಾಧ್ಯಾಪಕನಾದ ಮ್ಯಾಕ್ಸ್‌ವೆಲ್ ತನ್ನ ಕೊನೆಯ ವರ್ಷಗಳನ್ನು ಬಹುಮಟ್ಟಿಗೆ ಅದಕ್ಕೇ ಮುಡಿಪಾಗಿಟ್ಟು, 1879ರಲ್ಲಿ ಗ್ರಂಥವಾಗಿ ಹೊರತಂದನು. ಅದೇ ವರ್ಷ ನವೆಂಬರಿನಲ್ಲಿ ನಿಧನನಾದನು. ಕ್ಯಾವೆಂಡಿಷ್ ಅಳೆದಿದ್ದ ವಸ್ತುಗಳಲ್ಲಿ ಚೌಕತಗಡೂ ಒಂದು. ಗೋಳಕ್ಕೆ, ಬಿಲ್ಲೆಗೆ ಸೂತ್ರವುಂಟು. ಚೌಕಕ್ಕೆ ಅಂತಹ ಸರಳಸೂತ್ರವು ಇಂದಿಗೂ ದೊರೆತಿಲ್ಲ. ಆದುದರಿಂದ ಮ್ಯಾಕ್ಸ್‌ವೆಲ್ ಚೌಕವನ್ನು 36 ಸಣ್ಣ ಚೌಕಗಳಾಗಿ ವಿಂಗಡಿಸಿ, ಪ್ರತಿಯೊಂದರ ಆವೇಶವು ಉಳಿದವುಗಳ ಮೇಲೆ ಬೀರುವ ಪ್ರಭಾವವನ್ನು ಲೆಕ್ಕಹಾಕಿದನು. ಬಾಹು ಒಂದು ಅಡಿಯಾದರೆ, ಅದರ ಧಾರಕತೆಯು 0.3607 ಅಡಿ ತ್ರಿಜ್ಯದ ಗೋಳದ ಧಾರಕತೆಗೆ ಸಮವೆಂದು ಅವನಿಗೆ ದೊರೆಯಿತು. ಇಂದಿನ ಗಣಕಯಂತ್ರಗಳೂ ವಾಹಕಗಳನ್ನು ಹೀಗೆಯೇ ತುಂಡರಿಸುತ್ತವೆ; ತುಂಡುಗಳು ಮಾತ್ರ ಸಾವಿರಾರು. ಅವು ನೀಡುವ ಬೆಲೆ 0.3668.