ಸ್ನೇಹಲತಾ ರೆಡ್ಡಿ: ಎಂಟು ತಿಂಗಳ ಸೆರೆ, ಐದು ದಿನಗಳ ಬಿಡುಗಡೆ

ಪ್ರತಿವರ್ಷ ಆಗಸ್ಟ್ 29ರಂದು ನಾವು ಸಂತ ಸ್ನಾನಿಕ ಯೊವಾನ್ನರ ಶಿರಚ್ಛೇದನವನ್ನು ಸ್ಮರಿಸುತ್ತೇವೆ. ಯಾವ ನ್ಯಾಯಾಲಯವೂ ಆ ಪ್ರವಾದಿಗೆ ಮರಣದಂಡನೆ ವಿಧಿಸಿರಲಿಲ್ಲ. ಸೆರೆಯಲ್ಲಿದ್ದ ಅವರ ತಲೆ ಔತಣಕೂಟದಲ್ಲಿ ಕೊಟ್ಟ ಒಂದು ಮಾತಿಗೆ ಬಲಿಯಾಯಿತು. 1973ರಲ್ಲಿ ಚಿಲಿ ದೇಶದಲ್ಲಿ ಸೇನೆ ಅಧಿಕಾರವನ್ನು ಕಸಿದುಕೊಂಡಾಗ, ಆಸ್ಪತ್ರೆಯಲ್ಲಿ ದುಡಿಯುತ್ತಿದ್ದ ಸ್ಪೇನಿನ ಗುರು ಜುವಾನ್ ಅಲ್ಸೀನಾರನ್ನು ಸೈನಿಕರು ಹಿಡಿದೊಯ್ದು ಸೇತುವೆಯ ಮೇಲೆ ಗುಂಡಿಕ್ಕಿ ಕೊಂದರು. ನಮ್ಮ ನಾಡಿನಲ್ಲಿ ಸೇನೆಯ ಆಡಳಿತ ಎಂದೂ ಬರಲಿಲ್ಲ. ಆದರೂ ವಿಚಾರಣೆಯಿಲ್ಲದ ಸೆರೆ ಒಂದು ಜೀವವನ್ನು ತೆಗೆದುಕೊಂಡದ್ದುಂಟು. ಅಲ್ಲಿ ಗುಂಡು ಹಾರಲಿಲ್ಲ, ಅಷ್ಟೇ.

ಸ್ನೇಹಲತಾ ರೆಡ್ಡಿಯವರು 1932ರಲ್ಲಿ ಕ್ರೈಸ್ತ ಕುಟುಂಬವೊಂದರಲ್ಲಿ ಜನಿಸಿದರು. ವಸಾಹತು ಆಳ್ವಿಕೆಯನ್ನು ಮನಸಾರೆ ವಿರೋಧಿಸಿದ ಅವರು ಭಾರತೀಯ ಹೆಸರನ್ನೂ ಉಡುಪನ್ನೂ ತಮ್ಮದಾಗಿಸಿಕೊಂಡರು. ಕವಿ, ಚಿತ್ರನಿರ್ದೇಶಕ ಪಟ್ಟಾಭಿರಾಮ ರೆಡ್ಡಿಯವರನ್ನು ವರಿಸಿದರು. ದಂಪತಿಗಳಿಬ್ಬರೂ ರಾಮಮನೋಹರ ಲೋಹಿಯಾ ಅವರ ವಿಚಾರಗಳಿಗೆ ಒಲಿದವರು. ಮದರಾಸಿನಲ್ಲಿ ರಂಗತಂಡ ಕಟ್ಟಿದವರಲ್ಲಿ ಸ್ನೇಹಲತಾ ಒಬ್ಬರು.

ಧಾರವಾಡದ ಓದುಗರಿಗೆ ಅವರು ಅಪರಿಚಿತರಲ್ಲ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿಯನ್ನು 1965ರಲ್ಲಿ ಪ್ರಕಟಿಸಿದ್ದು ನಮ್ಮೂರಿನ ಮನೋಹರ ಗ್ರಂಥಮಾಲೆ. ಅದನ್ನು ಪಟ್ಟಾಭಿಯವರು ಚಲನಚಿತ್ರವಾಗಿಸಿದಾಗ, ನಮ್ಮ ಕರ್ನಾಟಕ ಕಾಲೇಜಿನಲ್ಲಿ ಓದಿದ ಗಿರೀಶ ಕಾರ್ನಾಡರು ಪ್ರಾಣೇಶಾಚಾರ್ಯರಾದರು, ಸ್ನೇಹಲತಾ ಚಂದ್ರಿಯಾದರು. ಮದರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದ ಆ ಚಿತ್ರಕ್ಕೆ 1970ರ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂದಿತು. ಅಗ್ರಹಾರದ ಪಂಡಿತರು ಶವಸಂಸ್ಕಾರದ ಅಧಿಕಾರ ಯಾರದೆಂದು ತರ್ಕಿಸುತ್ತ ಕುಳಿತಾಗ, ಮೈಮೇಲಿನ ಒಡವೆಗಳನ್ನು ಕಳಚಿ ಮುಂದಿಟ್ಟವಳು ಚಂದ್ರಿ. ಶಾಸ್ತ್ರಕ್ಕೂ ಕರುಣೆಗೂ ನಡುವಿನ ದೂರವನ್ನು ಅಷ್ಟು ಸ್ಪಷ್ಟವಾಗಿ ತೋರಿಸಿದ ಪಾತ್ರಗಳು ಕನ್ನಡದಲ್ಲಿ ವಿರಳವೆಂದು ನಮ್ಮ ಅಭಿಪ್ರಾಯ.

1975ರ ಜೂನ್ 25ರ ರಾತ್ರಿ ದೇಶದ ಮೇಲೆ ತುರ್ತುಪರಿಸ್ಥಿತಿಯನ್ನು ಹೇರಲಾಯಿತು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸರು ರೆಡ್ಡಿ ದಂಪತಿಗಳ ಮಿತ್ರರು. ಮಂಗಳೂರಿನ ಕಥೋಲಿಕ ಮನೆತನದ ಈ ಜಾರ್ಜರು ಯೌವನದಲ್ಲಿ ಬೆಂಗಳೂರಿನ ಗುರುಮಠದಲ್ಲಿ ಓದಿ ಹೊರಬಂದವರೆಂಬುದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿಯೇ. ಅವರ ಸುಳಿವಿಗಾಗಿ ಪೊಲೀಸರು 1976ರ ಮೇ 1ರಂದು ತಮ್ಮ ಲಾರೆನ್ಸರನ್ನು ಹಿಡಿದು ಅಮಾನುಷವಾಗಿ ಹಿಂಸಿಸಿದರು. ಮರುದಿನ ಸ್ನೇಹಲತಾ ಬಂಧಿತರಾದರು. ಬರೋಡಾ ಡೈನಮೈಟ್ ಪ್ರಕರಣದ ಅಂತಿಮ ಆರೋಪಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ. ಆದರೂ ಮೀಸಾ ಕಾಯಿದೆಯಡಿ ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿಯೇ ಇರಿಸಲಾಯಿತು.

ಇಲ್ಲಿ ಒಂದು ದಿನಾಂಕವನ್ನು ಗಮನಿಸಬೇಕು. ಅವರ ಬಂಧನಕ್ಕೆ ನಾಲ್ಕೇ ದಿನ ಮೊದಲು, ಏಪ್ರಿಲ್ 28ರಂದು, ಜಬಲ್ಪುರ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಹೊರಬಿದ್ದಿತ್ತು. ಸ್ಥಾನಬದ್ಧನಾದವನಿಗೆ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕಿಲ್ಲವೆಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ನಿರ್ಣಯಿಸಿದರು. ಅಧಿಕಾರಿಯೊಬ್ಬ ಬಂದಿಯ ಪ್ರಾಣವನ್ನೇ ತೆಗೆದರೂ ತುರ್ತುಪರಿಸ್ಥಿತಿ ಮುಗಿಯುವ ತನಕ ಪರಿಹಾರವಿಲ್ಲವೆಂಬುದನ್ನು ಸರ್ಕಾರದ ವಕೀಲರು ವಿಚಾರಣೆಯಲ್ಲಿಯೇ ಒಪ್ಪಿದ್ದರು. ಭಿನ್ನಮತ ಬರೆದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ. ನ್ಯಾಯವಿರುದ್ಧವಾದ ಶಾಸನ ಶಾಸನವೆನಿಸದೆಂದು ಸಂತ ತೋಮಸ್ ಅಕ್ವಿನಾಸರನ್ನು ಓದಿಯೇ ಕಲಿಯಬೇಕಾಗಿಲ್ಲ. ಖನ್ನಾ ಅವರು ಅದನ್ನು ಬೇರೆ ದಾರಿಯಿಂದ ಕಂಡುಕೊಂಡಿದ್ದರು.

ಸ್ನೇಹಲತಾ ದೀರ್ಘಕಾಲದ ಅಸ್ತಮಾ ರೋಗಿ. ಇಕ್ಕಟ್ಟಾದ ಕೋಣೆ, ಏಕಾಂತ, ತಕ್ಕ ಚಿಕಿತ್ಸೆಯಿಲ್ಲದ ರಾತ್ರಿಗಳು. ಅದೇ ಸೆರೆಮನೆಯಲ್ಲಿದ್ದ ಮಧು ದಂಡವತೆಯವರು ರಾತ್ರಿಯ ನೀರವದಲ್ಲಿ ಆಕೆಯ ಚೀತ್ಕಾರ ಕೇಳಿಸುತ್ತಿದ್ದುದನ್ನು ಮುಂದೆ ಸ್ಮರಿಸಿದ್ದಾರೆ. ಇಂಥ ಸ್ಥಿತಿಯಲ್ಲಿಯೂ ಅವರು ಮಹಿಳಾ ಕೈದಿಗಳನ್ನು ಹೊಡೆಯುವುದರ ವಿರುದ್ಧ ದನಿಯೆತ್ತಿದರು, ದಿನಚರಿ ಬರೆದರು.

ಆಕೆಯನ್ನು ಕೊಂದವರು ಯಾರು? ಹೆಸರು ಹಿಡಿದು ಹೇಳುವುದು ಕಷ್ಟ. ಒಬ್ಬರು ಆಜ್ಞಾಪತ್ರಕ್ಕೆ ಸಹಿ ಹಾಕಿದರು, ಇನ್ನೊಬ್ಬರು ಅರ್ಜಿಯನ್ನು ಕಡತದಲ್ಲಿರಿಸಿದರು, ಮತ್ತೊಬ್ಬರು ಬೀಗ ಹಾಕಿದರು. ಪ್ರತಿಯೊಬ್ಬರೂ ತಮ್ಮ ಕೆಲಸವನ್ನಷ್ಟೇ ಮಾಡಿದರು. ಆದರೆ ನಮ್ಮ ಪಾಪನಿವೇದನೆಯ ಪ್ರಾರ್ಥನೆ ಮಾಡಿದ ಪಾಪಗಳಿಗೆ ನಿಲ್ಲುವುದಿಲ್ಲ. ಮಾಡದೆ ಬಿಟ್ಟುದನ್ನೂ ಅದು ಲೆಕ್ಕಕ್ಕೆ ತರುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಸ್ವೇಚ್ಛಾ ಬಂಧನವನ್ನೂ ಮಾನವಯೋಗ್ಯವಲ್ಲದ ಜೀವನಸ್ಥಿತಿಯನ್ನೂ ನರಹತ್ಯೆಯೊಡನೆ ಒಂದೇ ಸಾಲಿನಲ್ಲಿರಿಸಿತು. ಆ ಸಾಲನ್ನು ಗುರುಮಠದಲ್ಲಿ ಕಂಠಪಾಠ ಮಾಡಿದ ನಾವು, ಅದರ ಅರ್ಥವನ್ನು ಈ ನಟಿಯ ಬಾಳಿನಲ್ಲಿ ಕಂಡೆವೆಂದರೆ ತಪ್ಪಾಗದು.

ಆರೋಗ್ಯ ಪೂರಾ ಕುಸಿದ ಮೇಲೆ, 1977ರ ಜನವರಿ 15ರಂದು ಅವರನ್ನು ಪೆರೋಲಿನ ಮೇಲೆ ಬಿಡಲಾಯಿತು. 18ರಂದು ಪ್ರಧಾನಿ ಇಂದಿರಾ ಗಾಂಧಿಯವರು ಚುನಾವಣೆಯನ್ನು ಘೋಷಿಸಿದರು. 20ರಂದು ಸ್ನೇಹಲತಾ ಕೊನೆಯುಸಿರೆಳೆದರು. ಅವರ ಸೆರೆಮನೆಯ ದಿನಚರಿ ಅದೇ ವರ್ಷ ಅಚ್ಚಾಯಿತು. ತುರ್ತುಪರಿಸ್ಥಿತಿಯಲ್ಲಿಯೂ ಜೀವದ ಹಕ್ಕನ್ನು ಅಮಾನತಿನಲ್ಲಿಡಲಾಗದಂತೆ 1978ರಲ್ಲಿ ಸಂವಿಧಾನಕ್ಕೆ ತಿದ್ದುಪಡಿಯಾಯಿತು. ಜಬಲ್ಪುರದ ತೀರ್ಪು ತಪ್ಪೆಂದು ಸುಪ್ರೀಂ ಕೋರ್ಟೇ ಘೋಷಿಸಿದ್ದು 2017ರ ಆಗಸ್ಟಿನಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ. ಅಷ್ಟು ಹೊತ್ತಿಗೆ ಪಟ್ಟಾಭಿರಾಮ ರೆಡ್ಡಿಯವರೂ ತೀರಿಕೊಂಡು ಹನ್ನೊಂದು ವರ್ಷಗಳಾಗಿದ್ದವು. ಆ ಹಳೆಯ ಸೆರೆಮನೆಯ ಅಂಗಳ ಈಗ ಬೆಂಗಳೂರಿನ ಫ್ರೀಡಂ ಪಾರ್ಕ್.