ಮೇರಿ ಅಡಿಲೇಡ್ ನಟಿಂಗ್

ಮೇರಿ ಅಡಿಲೇಡ್ ನಟಿಂಗ್ (ನವೆಂಬರ್ 1, 1858 – ಅಕ್ಟೋಬರ್ 3, 1948) ಕೆನಡಾದಲ್ಲಿ ಜನಿಸಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಸೇವೆ ಸಲ್ಲಿಸಿದ ಶುಶ್ರೂಷಕಿ, ಶಿಕ್ಷಣ ಸುಧಾರಕಿ ಹಾಗೂ ನರ್ಸಿಂಗ್ ಇತಿಹಾಸದ ಲೇಖಕಿ. 1907ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ ನೇಮಕಗೊಂಡ ಅವರು, ನರ್ಸಿಂಗ್ ವೃತ್ತಿಯಿಂದ ಬಂದು ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗೇರಿದ ಮೊದಲಿಗರು. ನರ್ಸಿಂಗ್ ಶಾಲೆಗೆ ಯಾರನ್ನು ಸೇರಿಸಿಕೊಳ್ಳಬೇಕು, ಎಷ್ಟು ವರ್ಷ ಕಲಿಸಬೇಕು, ಕಲಿತವರಿಗೆ ಯಾವ ಅರ್ಹತಾಪತ್ರ ನೀಡಬೇಕು ಎಂಬ ಪ್ರಶ್ನೆಗಳಿಗೆ ಇಂದು ಅನೇಕ ದೇಶಗಳಲ್ಲಿ ದೊರೆಯುವ ಉತ್ತರಗಳ ಹಿಂದೆ ಅವರ ಸುಮಾರು ಮೂರು ದಶಕಗಳ ಪರಿಶ್ರಮವಿದೆ. ವಿದ್ಯಾರ್ಥಿನಿಯು ಮೊದಲು ವಿದ್ಯಾರ್ಥಿನಿ, ಆಸ್ಪತ್ರೆಯ ಕೆಲಸದಾಳಲ್ಲ ಎಂಬುದು ಅವರ ಎಲ್ಲ ಸುಧಾರಣೆಗಳ ಮೂಲತತ್ತ್ವವಾಗಿತ್ತು.

ಜನನ ಮತ್ತು ಬಾಲ್ಯ

ನಟಿಂಗ್ ಅವರು ಕೆನಡಾದ ಕ್ವಿಬೆಕ್ ಪ್ರಾಂತ್ಯದ ಫ್ರಾಸ್ಟ್ ವಿಲೇಜ್ ಎಂಬ ಹಳ್ಳಿಯಲ್ಲಿ ಜನಿಸಿದರು. ಬಾಲ್ಯದ ಬಹುಭಾಗ ಸಮೀಪದ ವಾಟರ್‌ಲೂ ಪಟ್ಟಣದಲ್ಲಿ ಕಳೆಯಿತು. ಕುಟುಂಬವು ಸ್ಥಿತಿವಂತವಾಗಿರಲಿಲ್ಲ. ತಾರುಣ್ಯದಲ್ಲಿ ಸಂಗೀತ ಹಾಗೂ ಚಿತ್ರಕಲೆಗಳನ್ನು ಅಭ್ಯಾಸ ಮಾಡಿ, ಕೆಲಕಾಲ ನ್ಯೂಫೌಂಡ್‌ಲ್ಯಾಂಡಿನ ಸೇಂಟ್ ಜಾನ್ಸ್ ನಗರದ ಬಾಲಕಿಯರ ಶಾಲೆಯೊಂದರಲ್ಲಿ ಸಂಗೀತವನ್ನು ಬೋಧಿಸಿದರು. ಕಾಯಿಲೆಬಿದ್ದ ತಾಯಿಯ ಆರೈಕೆಯ ಹೊಣೆಯನ್ನು ಹೊತ್ತಿದ್ದ ಅವರಿಗೆ, ರೋಗಿಯ ಸೇವೆಗೆ ಮಮತೆಯೊಂದೇ ಸಾಲದು, ತಿಳಿವಳಿಕೆಯೂ ಬೇಕು ಎಂಬುದು ಆಗಲೇ ಅನುಭವಕ್ಕೆ ಬಂದಿತ್ತು. ತಾಯಿ 1884ರಲ್ಲಿ ನಿಧನರಾದರು.

ಅಂದಿನ ನರ್ಸಿಂಗ್ ಶಾಲೆಗಳು

ಫ್ಲಾರೆನ್ಸ್ ನೈಟಿಂಗೇಲ್ ಅವರು 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆರಂಭಿಸಿದ ಶಾಲೆಯ ಮಾದರಿಯಲ್ಲಿ, 1873ರಲ್ಲಿ ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ ಶಾಲೆಗಳು ತೆರೆದವು. ಆದರೆ ಮೂಲ ಮಾದರಿಗೂ ಅದರ ಅನುಕರಣೆಗೂ ಒಂದು ಮುಖ್ಯ ವ್ಯತ್ಯಾಸವಿತ್ತು. ಲಂಡನ್ನಿನ ಶಾಲೆಗೆ ಸಾರ್ವಜನಿಕರ ದೇಣಿಗೆಯಿಂದ ಕೂಡಿದ ಸ್ವಂತ ನಿಧಿಯಿತ್ತು. ಅಮೆರಿಕದ ಶಾಲೆಗಳಿಗೆ ಅಂತಹ ನಿಧಿಯಿರಲಿಲ್ಲ. ಅವು ಬಹುಬೇಗನೆ ಆಸ್ಪತ್ರೆಗಳ ಅಧೀನಕ್ಕೆ ಬಂದವು.

ಆ ಕಾಲದ ಪ್ರವೇಶ ನಿಯಮಗಳು ಸರಳವಾಗಿದ್ದವು. ನಿಗದಿತ ವಯೋಮಿತಿ, ದೃಢವಾದ ಆರೋಗ್ಯ, ಸನ್ನಡತೆಯ ಬಗ್ಗೆ ಪಾದ್ರಿಯಂತಹ ಗಣ್ಯರೊಬ್ಬರ ಪತ್ರ, ಚೆನ್ನಾಗಿ ಓದುಬರಹ ಬಲ್ಲಷ್ಟು ಶಿಕ್ಷಣ ಇದ್ದರೆ ಸಾಕಾಗಿತ್ತು. ಒಂದೆರಡು ತಿಂಗಳ ಪರೀಕ್ಷಾರ್ಥ ಅವಧಿಯ ಬಳಿಕ ಅಭ್ಯರ್ಥಿಯು ನಿಗದಿತ ಕಾಲದವರೆಗೆ ಸೇವೆಯಲ್ಲಿರುವುದಾಗಿ ಒಪ್ಪಿ ಸಹಿ ಹಾಕುತ್ತಿದ್ದಳು. ಊಟ, ವಸತಿ ಹಾಗೂ ಅಲ್ಪ ಮಾಸಿಕ ಭತ್ಯೆ ದೊರೆಯುತ್ತಿತ್ತು. ಅದಕ್ಕೆ ಪ್ರತಿಯಾಗಿ ದಿನಕ್ಕೆ ಹತ್ತು ಗಂಟೆಗೂ ಮೀರಿ ವಾರ್ಡುಗಳಲ್ಲಿ ದುಡಿಯಬೇಕಾಗಿತ್ತು. ಪಾಠಗಳು ನಡೆಯುತ್ತಿದ್ದುದು ದುಡಿದು ದಣಿದ ಸಂಜೆಗಳಲ್ಲಿ. ಶಾಲೆಯೊಂದನ್ನು ತೆರೆದ ಆಸ್ಪತ್ರೆಗೆ ಬಹು ಕಡಿಮೆ ವೆಚ್ಚದಲ್ಲಿ ಕೆಲಸ ಮಾಡುವ ಕೈಗಳು ದೊರೆಯುತ್ತಿದ್ದುದರಿಂದ ಇಂತಹ ಶಾಲೆಗಳು ಬಲುಬೇಗ ಹಬ್ಬಿದವು. 1880ರಲ್ಲಿ ಅಮೆರಿಕದಲ್ಲಿ ಹದಿನೈದರಷ್ಟಿದ್ದ ಅವುಗಳ ಸಂಖ್ಯೆ 1900ರ ವೇಳೆಗೆ ನಾಲ್ಕು ನೂರನ್ನೂ, 1910ರ ವೇಳೆಗೆ ಒಂದು ಸಾವಿರವನ್ನೂ ದಾಟಿತು.

ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ

ಮೇರಿಲ್ಯಾಂಡ್ ರಾಜ್ಯದ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯು 1889ರಲ್ಲಿ ಆರಂಭವಾಯಿತು. ಅದೇ ವರ್ಷ ತೆರೆದ ಅದರ ನರ್ಸಿಂಗ್ ಶಾಲೆಯ ಮೊದಲ ತಂಡಕ್ಕೆ ನಟಿಂಗ್ ಸೇರಿದರು. ಆಗ ಅವರಿಗೆ ಸುಮಾರು ಮೂವತ್ತೊಂದು ವರ್ಷ. ಶಾಲೆಯ ಮುಖ್ಯಸ್ಥೆ ಇಸಾಬೆಲ್ ಹ್ಯಾಂಪ್ಟನ್ ಅವರೂ ಕೆನಡಾ ಮೂಲದವರು, ಹಿಂದೆ ಶಾಲಾ ಶಿಕ್ಷಕಿಯಾಗಿದ್ದವರು. 1891ರಲ್ಲಿ ವ್ಯಾಸಂಗ ಮುಗಿಸಿದ ನಟಿಂಗ್ ಅದೇ ಆಸ್ಪತ್ರೆಯಲ್ಲಿ ವಾರ್ಡಿನ ಮುಖ್ಯ ಶುಶ್ರೂಷಕಿಯಾಗಿ, ಅನಂತರ ಸಹಾಯಕ ಅಧೀಕ್ಷಕಿಯಾಗಿ ಕೆಲಸ ಮಾಡಿದರು. 1894ರಲ್ಲಿ ಹ್ಯಾಂಪ್ಟನ್ ವಿವಾಹವಾಗಿ ನಿರ್ಗಮಿಸಿದಾಗ ಆಸ್ಪತ್ರೆಯ ಶುಶ್ರೂಷಾ ಅಧೀಕ್ಷಕಿಯ ಹಾಗೂ ಶಾಲೆಯ ಪ್ರಾಂಶುಪಾಲೆಯ ಸ್ಥಾನಗಳೆರಡೂ ನಟಿಂಗ್ ಅವರಿಗೆ ಬಂದವು.

ಪ್ರವೇಶ ಮತ್ತು ವ್ಯಾಸಂಗದ ಸುಧಾರಣೆಗಳು

ಅಧಿಕಾರ ವಹಿಸಿಕೊಂಡ ಬಳಿಕ ನಟಿಂಗ್ ಮಾಡಿದ ಮೊದಲ ಕೆಲಸಗಳಲ್ಲೊಂದು ದೇಶದ ಶಾಲೆಗಳಲ್ಲಿ ವಿದ್ಯಾರ್ಥಿನಿಯರು ದಿನಕ್ಕೆ ಎಷ್ಟು ಗಂಟೆ ದುಡಿಯುತ್ತಾರೆ ಎಂಬುದರ ಅಂಕಿಅಂಶಗಳನ್ನು ಸಂಗ್ರಹಿಸಿದ್ದು. ಅದನ್ನು ಅಧೀಕ್ಷಕಿಯರ ಸಂಘದ ಮುಂದೆ ಮಂಡಿಸಿದಾಗ, ಅತಿದುಡಿಮೆಯು ಕೆಲವೇ ಶಾಲೆಗಳ ದೋಷವಲ್ಲ, ಇಡೀ ವ್ಯವಸ್ಥೆಯ ಆಧಾರವೇ ಅದು ಎಂಬುದು ಸ್ಪಷ್ಟವಾಯಿತು.

1895–96ರ ಸುಮಾರಿಗೆ ಅವರು ತಮ್ಮ ಶಾಲೆಯ ವ್ಯಾಸಂಗವನ್ನು ಎರಡು ವರ್ಷದಿಂದ ಮೂರು ವರ್ಷಕ್ಕೆ ವಿಸ್ತರಿಸಿ, ವಾರ್ಡಿನ ಕೆಲಸವನ್ನು ದಿನಕ್ಕೆ ಎಂಟು ಗಂಟೆಗಳಿಗೆ ಮಿತಗೊಳಿಸಿದರು. ಈ ಎರಡು ಕ್ರಮಗಳು ಒಂದಕ್ಕೊಂದು ಹೆಣೆದುಕೊಂಡಿದ್ದವು. ದುಡಿಮೆಯ ಅವಧಿಯನ್ನು ಕಡಿಮೆ ಮಾಡದೆ ವರ್ಷವನ್ನಷ್ಟೇ ಹೆಚ್ಚಿಸಿದ್ದರೆ ಆಸ್ಪತ್ರೆಗೆ ಇನ್ನೊಂದು ವರ್ಷದ ಸೇವೆ ದೊರೆಯುತ್ತಿತ್ತೇ ಹೊರತು ಕಲಿಯುವವರಿಗೆ ಏನೂ ದಕ್ಕುತ್ತಿರಲಿಲ್ಲ. ಮಾಸಿಕ ಭತ್ಯೆಯನ್ನು ರದ್ದುಗೊಳಿಸಿ ವಿದ್ಯಾರ್ಥಿವೇತನಗಳನ್ನು ಏರ್ಪಡಿಸಿದ್ದು ಮೂರನೆಯ ಕ್ರಮ. ಭತ್ಯೆ ಪಡೆಯುವವಳು ನೌಕರಳಾಗುತ್ತಾಳೆ, ನೌಕರಳಿಂದ ಕೆಲಸ ಕೇಳುವುದು ಆಸ್ಪತ್ರೆಯ ಹಕ್ಕಾಗುತ್ತದೆ ಎಂಬುದು ಅವರ ವಾದವಾಗಿತ್ತು.

1901ರಲ್ಲಿ ಆರು ತಿಂಗಳ ಪೂರ್ವಸಿದ್ಧತಾ ವ್ಯಾಸಂಗವು ಆರಂಭವಾಯಿತು. ಅಲ್ಲಿಯವರೆಗೆ ಹೊಸದಾಗಿ ಸೇರಿದ ಯುವತಿಯು ಮರುದಿನವೇ ರೋಗಿಯ ಹಾಸಿಗೆಯ ಬಳಿ ನಿಲ್ಲಬೇಕಾಗಿತ್ತು. ಈಗ ಆಕೆ ಮೊದಲು ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಆರೋಗ್ಯಶಾಸ್ತ್ರ, ಪಥ್ಯಾಹಾರ, ಔಷಧಗಳ ಪರಿಚಯ ಮುಂತಾದುವನ್ನು ತರಗತಿಯಲ್ಲಿ ಕಲಿತು, ಆ ಬಳಿಕವೇ ವಾರ್ಡಿಗೆ ಹೋಗುವಂತಾಯಿತು. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ 1893ರಲ್ಲೇ ಇಂತಹ ಪ್ರಯೋಗ ನಡೆದಿತ್ತು. ಅಮೆರಿಕದ ಇತರ ಶಾಲೆಗಳು ಮುಂದೆ ಬಾಲ್ಟಿಮೋರಿನ ಕ್ರಮವನ್ನು ಅನುಸರಿಸಿದವು.

ಶಾಲೆ ನೀಡುವ ಪತ್ರಕ್ಕೆ ಕಾನೂನಿನ ಮಾನ್ಯತೆಯೂ ಬೇಕೆಂದು ನಟಿಂಗ್ ಶ್ರಮಿಸಿದರು. ಮೇರಿಲ್ಯಾಂಡ್ ರಾಜ್ಯದ ಶುಶ್ರೂಷಕಿಯರ ಸಂಘವನ್ನು ಕಟ್ಟುವಲ್ಲಿ ಮುಂದಾಳತ್ವ ವಹಿಸಿದರು. 1904ರಲ್ಲಿ ಆ ರಾಜ್ಯದಲ್ಲಿ ಶುಶ್ರೂಷಕಿಯರ ನೋಂದಣಿ ಕಾಯಿದೆಯು ಜಾರಿಗೆ ಬಂದಿತು.

ಟೀಚರ್ಸ್ ಕಾಲೇಜಿನಲ್ಲಿ

ಶಾಲೆಗಳು ಉತ್ತಮಗೊಳ್ಳಬೇಕಾದರೆ ಬೋಧಿಸಬಲ್ಲ ಶುಶ್ರೂಷಕಿಯರು ಬೇಕಾಗಿದ್ದರು. ಈ ಉದ್ದೇಶದಿಂದ 1899ರಲ್ಲಿ ಟೀಚರ್ಸ್ ಕಾಲೇಜಿನಲ್ಲಿ ಆಸ್ಪತ್ರೆ ಆಡಳಿತ ಮತ್ತು ಬೋಧನೆಗೆ ಸಂಬಂಧಿಸಿದ ವ್ಯಾಸಂಗವು ಆರಂಭವಾಯಿತು. ಅಧೀಕ್ಷಕಿಯರ ಸಂಘವು ಅದರ ಪೋಷಣೆಯ ಹೊಣೆ ಹೊತ್ತಿತು. ನಟಿಂಗ್ ಬಾಲ್ಟಿಮೋರಿನಿಂದ ಬಂದು ಅಲ್ಲಿ ಉಪನ್ಯಾಸ ನೀಡುತ್ತಿದ್ದರು. 1907ರಲ್ಲಿ ಅಲ್ಲಿಯೇ ಪೂರ್ಣಾವಧಿ ಪ್ರಾಧ್ಯಾಪಕರಾದರು. ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಎಂಬ ಮಹಿಳೆ ನೀಡಿದ ದತ್ತಿಯಿಂದ 1910ರಲ್ಲಿ ನರ್ಸಿಂಗ್ ಮತ್ತು ಆರೋಗ್ಯ ವಿಭಾಗವು ರೂಪುಗೊಂಡಾಗ ಅದರ ಮುಖ್ಯಸ್ಥೆಯಾದರು. 1925ರಲ್ಲಿ ನಿವೃತ್ತರಾಗುವವರೆಗೆ ಈ ಹೊಣೆಯನ್ನು ನಿರ್ವಹಿಸಿದರು. ಅವರ ಶಿಷ್ಯೆ ಇಸಾಬೆಲ್ ಸ್ಟುವರ್ಟ್ ಆ ಸ್ಥಾನಕ್ಕೆ ಬಂದರು.

ಇದೇ ಅವಧಿಯಲ್ಲಿ ನರ್ಸಿಂಗ್ ಶಿಕ್ಷಣವು ಪದವಿಯ ಕಡೆಗೆ ಸಾಗಿತು. 1909ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯವು ತನ್ನ ಆವರಣದಲ್ಲೇ ನರ್ಸಿಂಗ್ ಶಾಲೆಯನ್ನು ತೆರೆಯಿತು. ಆದರೆ ಆರಂಭದಲ್ಲಿ ಅದು ನೀಡಿದ್ದು ಡಿಪ್ಲೊಮಾ ಮಾತ್ರ. 1910ರ ದಶಕದ ಉತ್ತರಾರ್ಧದಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯ, ಟೀಚರ್ಸ್ ಕಾಲೇಜು ಮೊದಲಾದ ಕಡೆ ಐದು ವರ್ಷಗಳ ಸಂಯೋಜಿತ ವ್ಯಾಸಂಗಗಳು ಬಂದವು. ಕಾಲೇಜಿನ ಸಾಮಾನ್ಯ ವಿಷಯಗಳ ಅಧ್ಯಯನವನ್ನೂ ಆಸ್ಪತ್ರೆಯ ತರಬೇತಿಯನ್ನೂ ಒಟ್ಟುಗೂಡಿಸಿ ಪೂರೈಸಿದವರಿಗೆ ಡಿಪ್ಲೊಮಾ ಮತ್ತು ಪದವಿ ಎರಡೂ ದೊರೆಯುತ್ತಿದ್ದವು.

ಗ್ರಂಥಗಳು ಮತ್ತು ವರದಿಗಳು

ಲವಿನಿಯಾ ಡಾಕ್ ಅವರೊಡನೆ ನಟಿಂಗ್ ಬರೆದ ನರ್ಸಿಂಗ್ ಇತಿಹಾಸದ ಮೊದಲ ಎರಡು ಸಂಪುಟಗಳು 1907ರಲ್ಲಿ ಪ್ರಕಟವಾದವು. ಉಳಿದೆರಡು ಸಂಪುಟಗಳು 1912ರಲ್ಲಿ ಹೊರಬಂದವು. ಅದೇ 1912ರಲ್ಲಿ ನರ್ಸಿಂಗ್ ಶಿಕ್ಷಣದ ಸ್ಥಿತಿಗತಿ ಕುರಿತು ಅವರು ಸಿದ್ಧಪಡಿಸಿದ ವರದಿಯನ್ನು ಅಮೆರಿಕದ ಕೇಂದ್ರ ಶಿಕ್ಷಣ ಇಲಾಖೆ ಪ್ರಕಟಿಸಿತು. ಪ್ರವೇಶದ ಅರ್ಹತೆ, ಬೋಧಕರ ಕೊರತೆ, ದುಡಿಮೆಯ ಅವಧಿ, ಹಣಕಾಸು ಇವೆಲ್ಲವನ್ನೂ ಅದು ಒಟ್ಟಾಗಿ ಪರಿಶೀಲಿಸಿತು. 1917ರಲ್ಲಿ ಅವರ ಅಧ್ಯಕ್ಷತೆಯ ಸಮಿತಿಯು ಎಲ್ಲ ಶಾಲೆಗಳಿಗೂ ಅನ್ವಯಿಸಬಹುದಾದ ಆದರ್ಶ ಪಠ್ಯಕ್ರಮವೊಂದನ್ನು ಸಿದ್ಧಗೊಳಿಸಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ಶುಶ್ರೂಷಕಿಯರ ಕೊರತೆ ತೀವ್ರವಾದಾಗ, ಅಲ್ಪಾವಧಿಯ ತರಬೇತಿ ನೀಡಿ ಸ್ವಯಂಸೇವಕಿಯರನ್ನು ಕಳುಹಿಸಿದರೆ ಸಾಕೆಂಬ ಸಲಹೆಗಳು ಬಂದವು. ರಾಷ್ಟ್ರೀಯ ರಕ್ಷಣಾ ಮಂಡಲಿಗೆ ಸೇರಿದ ನರ್ಸಿಂಗ್ ಸಮಿತಿಯ ಅಧ್ಯಕ್ಷೆಯಾಗಿದ್ದ ನಟಿಂಗ್ ಅರ್ಹತೆಯನ್ನು ಇಳಿಸುವ ಬದಲು ಹೆಚ್ಚು ಓದಿದವರನ್ನು ಈ ವೃತ್ತಿಗೆ ಕರೆತರುವ ಮಾರ್ಗವನ್ನು ಬೆಂಬಲಿಸಿದರು. 1918ರ ಬೇಸಗೆಯಲ್ಲಿ ವಾಸಾರ್ ಕಾಲೇಜಿನಲ್ಲಿ ನಡೆದ ಶಿಬಿರದಲ್ಲಿ ನಾಲ್ಕು ನೂರಕ್ಕೂ ಹೆಚ್ಚು ಪದವೀಧರೆಯರು ಮೂಲಪಾಠಗಳನ್ನು ಕಲಿತು, ಮುಂದಿನ ತರಬೇತಿಗಾಗಿ ಆಸ್ಪತ್ರೆಗಳ ಶಾಲೆಗಳನ್ನು ಸೇರಿದರು.

ಯುದ್ಧಾನಂತರ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ನಡೆದ ಅಧ್ಯಯನದ ವರದಿಯು 1923ರಲ್ಲಿ ಪ್ರಕಟವಾಯಿತು. ಸಂಶೋಧನೆ ನಡೆಸಿದವರ ಹೆಸರಿನಿಂದ ಅದು ಗೋಲ್ಡ್‌ಮಾರ್ಕ್ ವರದಿ ಎಂದೇ ಪ್ರಸಿದ್ಧ. ಅಧ್ಯಯನ ಸಮಿತಿಯಲ್ಲಿ ನಟಿಂಗ್ ಸದಸ್ಯೆಯಾಗಿದ್ದರು. ಪ್ರವೇಶಕ್ಕೆ ಪ್ರೌಢಶಾಲಾ ಶಿಕ್ಷಣವನ್ನು ಪೂರ್ಣಗೊಳಿಸಿರಬೇಕು, ಕಲಿಕೆಗೆ ಸಂಬಂಧವಿಲ್ಲದ ದುಡಿಮೆಯನ್ನು ತೆಗೆದುಹಾಕಿದರೆ 28 ತಿಂಗಳಲ್ಲಿ ಮೂಲ ವ್ಯಾಸಂಗವನ್ನು ಮುಗಿಸಬಹುದು, ಶಾಲೆಗಳಿಗೆ ಸ್ವತಂತ್ರ ದತ್ತಿ ಬೇಕು, ವಿಶ್ವವಿದ್ಯಾಲಯದ ಶಾಲೆಗಳನ್ನು ಬಲಪಡಿಸಬೇಕು ಎಂಬುವು ಅದರ ಮುಖ್ಯ ಶಿಫಾರಸುಗಳಾಗಿದ್ದವು. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವತಂತ್ರ ನರ್ಸಿಂಗ್ ಶಾಲೆ ತೆರೆಯಿತು. 1934ರಿಂದ ಅಲ್ಲಿನ ಪ್ರವೇಶಕ್ಕೆ ಪದವಿಯೇ ಕನಿಷ್ಠ ಅರ್ಹತೆಯಾಯಿತು. ಶಾಲೆಗಳ ಆರ್ಥಿಕ ಬುನಾದಿಯನ್ನು ಕುರಿತ ನಟಿಂಗ್ ಅವರ ಲೇಖನಗಳ ಸಂಗ್ರಹ 1926ರಲ್ಲಿ ಹೊರಬಂದಿತು.

ಟೀಕೆಗಳು ಮತ್ತು ಮಿತಿಗಳು

ನಟಿಂಗ್ ಅವರ ಸುಧಾರಣೆಗಳಿಗೆ ಎಲ್ಲರ ಸಮ್ಮತಿಯಿರಲಿಲ್ಲ. ಶುಶ್ರೂಷಕಿಗೆ ಹೆಚ್ಚು ಓದು ಅನಗತ್ಯ, ಅದರಿಂದ ಆಕೆ ವಿಧೇಯತೆಯನ್ನು ಮರೆಯುತ್ತಾಳೆ ಎಂದು ಹಲವು ವೈದ್ಯರು ಭಾವಿಸಿದ್ದರು. ವಿದ್ಯಾರ್ಥಿನಿಯರ ದುಡಿಮೆಯನ್ನೇ ನಂಬಿದ್ದ ಸಣ್ಣ ಆಸ್ಪತ್ರೆಗಳು ವೆಚ್ಚ ಹೆಚ್ಚುವುದೆಂದು ವಿರೋಧಿಸಿದವು.

ಇನ್ನೊಂದು ಆಕ್ಷೇಪವು ಹೆಚ್ಚು ಗಂಭೀರವಾದುದು. ಭತ್ಯೆ ನೀಡುವ ಶಾಲೆಯು ಬಡ ಹಾಗೂ ಗ್ರಾಮೀಣ ಕುಟುಂಬಗಳ ಯುವತಿಯರಿಗೆ ಸ್ವಂತ ಕಾಲ ಮೇಲೆ ನಿಲ್ಲಲು ದೊರೆಯುತ್ತಿದ್ದ ಕೆಲವೇ ದಾರಿಗಳಲ್ಲೊಂದಾಗಿತ್ತು. ಭತ್ಯೆ ನಿಂತು, ಪ್ರೌಢಶಾಲಾ ಶಿಕ್ಷಣ ಕಡ್ಡಾಯವಾದರೆ ಅವರಲ್ಲಿ ಅನೇಕರಿಗೆ ಆ ಬಾಗಿಲು ಮುಚ್ಚುತ್ತಿತ್ತು. ವಿದ್ಯಾರ್ಥಿವೇತನವೂ ದತ್ತಿನಿಧಿಯೂ ಈ ಕೊರತೆಯನ್ನು ತುಂಬಬೇಕೆಂದು ನಟಿಂಗ್ ಬಯಸಿದ್ದರು. ಆದರೆ ಸಾಕಷ್ಟು ದತ್ತಿ ಬಹುಪಾಲು ಶಾಲೆಗಳಿಗೆ ದೊರೆಯಲೇ ಇಲ್ಲ. ಅಲ್ಲದೆ, ಅಂದಿನ ಬಹುತೇಕ ಶಾಲೆಗಳಂತೆ ಜಾನ್ಸ್ ಹಾಪ್ಕಿನ್ಸ್ ಶಾಲೆಯಲ್ಲೂ ಕಪ್ಪು ಜನಾಂಗದ ಯುವತಿಯರಿಗೆ ಪ್ರವೇಶವಿರಲಿಲ್ಲ. ಅರ್ಹತೆಯನ್ನು ಕುರಿತ ಸುಧಾರಣೆಗಳು ಈ ತಾರತಮ್ಯವನ್ನು ಸರಿಪಡಿಸಲಿಲ್ಲ.

ಗೌರವಗಳು ಮತ್ತು ನಿಧನ

ನಟಿಂಗ್ ಅವರಿಗೆ ಯೇಲ್ ವಿಶ್ವವಿದ್ಯಾಲಯವು ಗೌರವ ಎಂ.ಎ. ಪದವಿ ನೀಡಿತು. ಅಮೆರಿಕದ ನರ್ಸಿಂಗ್ ಶಿಕ್ಷಣ ಸಂಘವು 1944ರಲ್ಲಿ ಅವರ ಹೆಸರಿನ ಪದಕವನ್ನು ಸ್ಥಾಪಿಸಿ, ಮೊದಲನೆಯದನ್ನು ಅವರಿಗೇ ಅರ್ಪಿಸಿತು. ಅವರು ಸಂಗ್ರಹಿಸಿದ ನರ್ಸಿಂಗ್ ಇತಿಹಾಸದ ಅಮೂಲ್ಯ ಗ್ರಂಥಗಳೂ ದಾಖಲೆಗಳೂ ಟೀಚರ್ಸ್ ಕಾಲೇಜಿನಲ್ಲಿ ಅವರ ಹೆಸರಿನ ಸಂಗ್ರಹವಾದವು. ಅವಿವಾಹಿತೆಯಾಗಿದ್ದ ನಟಿಂಗ್ 1948ರ ಅಕ್ಟೋಬರ್ 3ರಂದು ನ್ಯೂಯಾರ್ಕ್ ರಾಜ್ಯದ ವೈಟ್ ಪ್ಲೇನ್ಸ್ ಎಂಬಲ್ಲಿ, ತೊಂಬತ್ತನೆಯ ವಯಸ್ಸಿಗೆ ಕೆಲವೇ ವಾರಗಳಿರುವಾಗ ನಿಧನರಾದರು.

ಪರಿಣಾಮ

ಅವರು ತೀರಿಕೊಂಡ ವರ್ಷವೇ ಅಮೆರಿಕದಲ್ಲಿ ಪ್ರಕಟವಾದ ಎಸ್ತರ್ ಲೂಸಿಲ್ ಬ್ರೌನ್ ವರದಿಯು ನರ್ಸಿಂಗ್ ಶಿಕ್ಷಣವು ವಿಶ್ವವಿದ್ಯಾಲಯಗಳಿಗೆ ಸೇರಬೇಕೆಂದು ಮತ್ತೊಮ್ಮೆ ಒತ್ತಿಹೇಳಿತು. ಭಾರತದಲ್ಲಿ ನರ್ಸಿಂಗ್ ಪದವಿ ವ್ಯಾಸಂಗವು 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಆರಂಭವಾಯಿತು. ಆದರೆ ಬದಲಾವಣೆ ಎಲ್ಲೆಡೆ ನಿಧಾನವಾಗಿಯೇ ಬಂದಿತು. ನಟಿಂಗ್ ಕಲಿತು, ಕಲಿಸಿದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಶಾಲೆಯು 1973ರಲ್ಲಿ ಮುಚ್ಚಿತು. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಂಗವಾಗಿ ಪದವಿ ನೀಡುವ ನರ್ಸಿಂಗ್ ಶಾಲೆಯು ಸ್ಥಾಪನೆಯಾದದ್ದು 1983ರಲ್ಲಿ, ಅವರು ಬಾಲ್ಟಿಮೋರನ್ನು ಬಿಟ್ಟು ಎಪ್ಪತ್ತಾರು ವರ್ಷಗಳಾದ ಮೇಲೆ.