ರಾಜಾ ದೀನದಯಾಳರು

ಹುಟ್ಟಿದ ಊರೊಂದು, ಅನ್ನ ಕೊಟ್ಟ ಊರೊಂದು. ಹೊರನಾಡಿನಲ್ಲಿ ನೆಲಸಿದ ನಮ್ಮೆಲ್ಲರ ಬಾಳೂ ಇದೇ. ಹೀಗೆ ಊರು ಬಿಟ್ಟು ಊರಿಗೆ ಹೋಗಿ, ಹೋದಲ್ಲೆಲ್ಲ ಕಸುಬಿನ ಬಲದಿಂದಲೇ ಮನ್ನಣೆ ಗಳಿಸಿದ ಮಹನೀಯರೊಬ್ಬರನ್ನು ರಾಜ್ಯೋತ್ಸವದ ಈ ಸಂಚಿಕೆಯಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ಕನ್ನಡಿಗರಲ್ಲ, ಆದರೂ ಕನ್ನಡನಾಡಿನ ಒಂದು ಭಾಗದ ಮೇಲೆ ಅವರ ಋಣವಿದೆ. ಅವರೇ ಪ್ರಸಿದ್ಧ ಛಾಯಾಗ್ರಾಹಕರಾದ ರಾಜಾ ಲಾಲಾ ದೀನದಯಾಳರು.

ದೀನದಯಾಳರು 1844ರಲ್ಲಿ ಮೀರತ್ತಿನ ಬಳಿಯ ಸರ್ಧನಾ ಎಂಬ ಊರಿನಲ್ಲಿ, ರತ್ನಪಡಿ ವ್ಯಾಪಾರದ ಜೈನ ಮನೆತನದಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, 1866ರಲ್ಲಿ ಇಂದೂರಿನ ಮರಾಮತ್ತು ಇಲಾಖೆಯನ್ನು ಸೇರಿದರು. ನಕ್ಷೆ, ಅಂದಾಜು ಪಟ್ಟಿಗಳ ನಡುವೆ ದುಡಿಯುತ್ತಿದ್ದ ಅವರು ಕ್ಯಾಮರಾ ಹಿಡಿದುದು ಸುಮಾರು 1874ರಲ್ಲಿ, ಮೂವತ್ತರ ವಯಸ್ಸಿನಲ್ಲಿ. ಇಂದೂರಿನ ಮಹಾರಾಜ ತುಕೋಜಿರಾವ್ ಹೋಳ್ಕರರೂ ಅಲ್ಲಿನ ಬ್ರಿಟಿಷ್ ಅಧಿಕಾರಿ ಸರ್ ಹೆನ್ರಿ ಡಾಲಿಯವರೂ ಅವರಿಗೆ ಬೆಂಬಲವಿತ್ತರು.

ಆಗ ಚಿತ್ರ ತೆಗೆಯುವುದೆಂದರೆ ಹುಡುಗಾಟವಾಗಿರಲಿಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿ ಆರುವುದರೊಳಗೆ ಚಿತ್ರ ತೆಗೆದು, ಕೂಡಲೇ ಕತ್ತಲೆಯಲ್ಲಿ ತೊಳೆಯಬೇಕು. ಕಾಡಿನಲ್ಲಾಗಲಿ ಕೋಟೆಯ ಮೇಲಾಗಲಿ, ಕತ್ತಲೆಯ ಡೇರೆಯೂ ಔಷಧದ ಸೀಸೆಗಳೂ ಜೊತೆಗೇ ಇರಬೇಕು. ಗಾಜು ಒಡೆದರೆ ಪಟ್ಟ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ. ಮುಂದೆ ಒಣ ಹಲಗೆಗಳು ಬಂದ ಮೇಲೆ ಈ ಕಷ್ಟ ಎಷ್ಟೋ ತಗ್ಗಿತು.

ಸರ್ ಲೆಪೆಲ್ ಗ್ರಿಫಿನ್ನರೊಡನೆ ಮಧ್ಯಭಾರತವನ್ನು ಸುತ್ತಿ ಅವರು ತೆಗೆದ ದೇವಾಲಯ, ಕೋಟೆಗಳ ಚಿತ್ರಗಳು 1886ರಲ್ಲಿ ಗ್ರಂಥರೂಪದಲ್ಲಿ ಹೊರಬಂದುವು. ಈ ನಡುವೆ ಅವರ ಮುಂದೆ ದೊಡ್ಡ ಪ್ರಶ್ನೆಯೊಂದು ನಿಂತಿತ್ತು. ಒಂದು ಕಡೆ ತಿಂಗಳು ತಿಂಗಳು ಸಂಬಳ ಬರುವ ಸರಕಾರಿ ನೌಕರಿ; ಇನ್ನೊಂದು ಕಡೆ ಗಿರಾಕಿಗಳನ್ನು ನಂಬಿ ನಡೆಸಬೇಕಾದ ಕಸುಬು. ಮೊದಲು ರಜೆ ಪಡೆದು, ಬಳಿಕ ನೌಕರಿಯನ್ನೇ ಬಿಟ್ಟು, ಅವರು ಕಸುಬನ್ನೇ ನೆಚ್ಚಿದರು. ಸಂಸಾರವಂದಿಗರಿಗೆ ಈ ನಿರ್ಧಾರದ ಭಾರ ಎಷ್ಟೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಹೈದರಾಬಾದಿನ ಆರನೆಯ ನಿಜಾಮರಾದ ಮಹಬೂಬ್ ಅಲೀಖಾನರು ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ನೇಮಿಸಿಕೊಂಡರು. ಸಿಕಂದರಾಬಾದಿನಲ್ಲಿ ಸ್ಟುಡಿಯೋ ತಲೆಯೆತ್ತಿತು. ನವಾಬರು, ಜಾಗೀರದಾರರು, ದೊರೆಗಳು, ದಂಡಿನ ಅಧಿಕಾರಿಗಳು ಅಲ್ಲಿ ಸಾಲಾಗಿ ಬಂದು ಕುಳಿತರು. ಪರದೆಯಲ್ಲಿರುವ ಸ್ತ್ರೀಯರು ಪರಪುರುಷರ ಮುಂದೆ ಬರುವಂತಿರಲಿಲ್ಲ. ಅವರಿಗಾಗಿ 1892ರಲ್ಲಿ ಪ್ರತ್ಯೇಕವಾದ ಜನಾನಾ ಸ್ಟುಡಿಯೋ ತೆರೆದು, ಅದರ ಆಡಳಿತವನ್ನು ಆಂಗ್ಲ ಮಹಿಳೆಯೊಬ್ಬರಿಗೆ ಒಪ್ಪಿಸಿದರು. 1894ರಲ್ಲಿ ನಿಜಾಮರು ಅವರಿಗೆ ರಾಜಾ ಬಹಾದ್ದೂರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ಚಿತ್ರಕಾರರಲ್ಲಿ ಧೀರನೆಂಬುದು ಅದರ ಭಾವ. 1896ರಲ್ಲಿ ಮುಂಬಯಿಯಲ್ಲೂ ಅವರ ಸ್ಟುಡಿಯೋ ಪ್ರಾರಂಭವಾಯಿತು.

ಅರಮನೆಯ ವೈಭವವನ್ನಷ್ಟೇ ಅವರು ಚಿತ್ರಿಸಲಿಲ್ಲ. 1899-1900ರ ಕ್ಷಾಮದಲ್ಲಿ ಔರಂಗಾಬಾದಿನ ಕಡೆ ಬಡಕಲಾಗಿ ನಿಂತ ಜನರನ್ನೂ ಅವರ ಸಂಸ್ಥೆಯ ಕ್ಯಾಮರಾ ಕಂಡಿತು. ಗಾಜಿನ ಹಲಗೆಯ ಮೇಲೆ ಅಂಕಿ, ಹೆಸರು ಬರೆದಿಡುವ ಕ್ರಮ ಅಲ್ಲಿತ್ತು. ಯಾವುದು ಯಾವ ಊರು, ಯಾರು ಯಾರೆಂಬುದು ಎಷ್ಟೋ ಚಿತ್ರಗಳಲ್ಲಿ ಇಂದಿಗೂ ತಿಳಿಯುವುದು ಈ ಶಿಸ್ತಿನಿಂದಲೇ.

ಕೊನೆಯ ದಿನಗಳು ಸುಖದವಾಗಿರಲಿಲ್ಲ. ಕಸುಬಿನಲ್ಲಿ ಜೊತೆಗಿದ್ದ ಮಗ ಧರ್ಮಚಂದ್ 1904ರಲ್ಲಿ ತೀರಿಕೊಂಡರು. ಮರುವರ್ಷ, 1905ರ ಜುಲೈ ತಿಂಗಳಲ್ಲಿ, ದೀನದಯಾಳರೂ ಮುಂಬಯಿಯಲ್ಲಿ ಕಾಲವಾದರು. ಅವರ ಸಂಗ್ರಹದ 2,857 ಗಾಜಿನ ಹಲಗೆಗಳು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದುವು. 2006ರಲ್ಲಿ ಅಂಚೆ ಇಲಾಖೆ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರತಂದಿತು.

ಇನ್ನು ನಮ್ಮ ನಾಡಿನ ಋಣದ ಮಾತು. ಬೀದರ, ಗುಲ್ಬರ್ಗ, ರಾಯಚೂರು ಆಗ ನಿಜಾಮರ ಸೀಮೆಗೆ ಸೇರಿದ್ದುವು. ಬೀದರದ ಮಹಮೂದ್ ಗಾವಾನರ ಮದರಸಾ, ಗುಲ್ಬರ್ಗದ ಕೋಟೆಯೊಳಗಿನ ಜಾಮಿಯಾ ಮಸೀದಿ ಮೊದಲಾದುವನ್ನು ದೀನದಯಾಳರು ಚಿತ್ರಗಳಲ್ಲಿ ಹಿಡಿದಿಟ್ಟರು. 1956ರ ನವೆಂಬರ್ 1ರಂದು ಆ ಸೀಮೆ ನಮ್ಮ ರಾಜ್ಯದೊಡನೆ ಒಂದಾಯಿತು. ಒಂದಾಗುವುದಕ್ಕೆ ಅರ್ಧ ಶತಮಾನಕ್ಕೂ ಹಿಂದೆ ಆ ನೆಲದ ರೂಪ ಹೇಗಿತ್ತೆಂಬುದನ್ನು, ಮೀರತ್ತಿನ ಕಡೆಯಿಂದ ಹೊಟ್ಟೆಪಾಡಿಗೆ ಹೊರಟ ಒಬ್ಬರು ನಮಗೆ ಉಳಿಸಿಕೊಟ್ಟರು.

ನಾವೂ ಊರು ಬಿಟ್ಟು ಬಂದವರು. ನಮ್ಮ ಪೆಟ್ಟಿಗೆಗಳಲ್ಲಿ ಹಿರಿಯರ ಹಳೆಯ ಚಿತ್ರಗಳು ಉಳಿದಿವೆ. ಅವುಗಳಲ್ಲಿರುವವರು ಯಾರೆಂದು ಬಲ್ಲವರು ವರ್ಷ ವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಈ ನವೆಂಬರಿನಲ್ಲಿ ಮನೆಯ ಹಿರಿಯರನ್ನು ಕೂಡಿಸಿಕೊಂಡು, ಒಂದೊಂದು ಚಿತ್ರದ ಹಿಂದೆಯೂ ಹೆಸರು, ಊರು, ಇಸವಿಗಳನ್ನು ಕನ್ನಡದಲ್ಲಿ ಬರೆದಿಡೋಣ. ಆ ಬರಹವನ್ನು ಓದಬಲ್ಲಂತೆ ನಮ್ಮ ಮಕ್ಕಳಿಗೆ ಕನ್ನಡವನ್ನು ಕಲಿಸುವ ಹೊಣೆಯೂ ನಮ್ಮದೇ.